ಪಡಸಾಲಿಯ ಫರ್ಸಿ

ನಮ್ಮ ಚಿತ್ತಾಪುರದ ಮನೆಯ ಪಡಸಾಲಿಯಲ್ಲಿ, ಅಡಿಗಿಮನೆ ಬಾಗಿಲಿಗೆ ಎರಡು ಹೆಜ್ಜೆ ಮೊದಲು, ಒಂದು ಫರ್ಸಿ ಅಲುಗಾಡುತ್ತಿತ್ತು. ಅದರ ಬಲಮೂಲೆಯ ಮೇಲೆ ಕಾಲಿಟ್ಟರೆ "ಗಡಕ್" ಅನ್ನುತ್ತಿತ್ತು. ಕಾಲೆತ್ತಿದರೆ ಇನ್ನೊಮ್ಮೆ "ಗಡಕ್". ಹಗಲಲ್ಲಿ ಮಿಕ್ಸರ್, ಟಿವಿ, ಓಣಿಯಲ್ಲಿ ಹೋಗುವ ಟ್ರ್ಯಾಕ್ಟರ್ ಇವುಗಳ ನಡುವೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ರಾತ್ರಿ ನೀರು ಕುಡಿಯಲು ಎದ್ದವರು ಮರೆತು ತುಳಿದರೆ ಮಾತ್ರ ಇಡೀ ಮನೆ ಎದ್ದು ಕೂಡುತ್ತಿತ್ತು.

ಮನೆಯವರು ಮರೆಯುವುದು ಕಡಿಮೆ. ನಾನು, ಅಣ್ಣ, ಅಕ್ಕ ಮೂವರೂ ಆ ಕಲ್ಲನ್ನು ದಾಟುತ್ತಲೇ ಬೆಳೆದವರು. ಕತ್ತಲಿರಲಿ, ನಿದ್ದೆಗಣ್ಣಿರಲಿ, ಕೈಯಲ್ಲಿ ತುಂಬಿದ ಕೊಡವಿರಲಿ, ಅಲ್ಲಿಗೆ ಬಂದಾಗ ಹೆಜ್ಜೆ ತಾನಾಗಿ ಉದ್ದವಾಗುತ್ತಿತ್ತು. ಹೀಗಾಗಿ ಆ ಸಪ್ಪಳ ಬಂತೆಂದರೆ ಮನೆಯೊಳಗೆ ಹೊಸಬರು ಬಂದಿದ್ದಾರೆ ಎಂದೇ ಲೆಕ್ಕ. ವೈನಿ ಮದುವೆಯಾಗಿ ಬಂದ ವರ್ಷ ದಿನಾಲೂ ಅದನ್ನು ತುಳಿದು, ದಿನಾಲೂ ಬೆಚ್ಚಿ ನಿಲ್ಲುತ್ತಿದ್ದರು. ಒಂದು ದಿನ ರೊಟ್ಟಿ ಬಡಿಯುತ್ತ ಕೂತಿದ್ದ ಅವ್ವ ತಲೆ ಎತ್ತಿ, "ಯಾವಾಗ ಬಂದಿ ಬೇ, ಗೊತ್ತೇ ಆಗ್ಲಿಲ್ಲ" ಅಂದಳು. ವೈನಿ ಹಿಂದಿರುಗಿ ಫರ್ಸಿಯ ಕಡೆ ನೋಡಿದರು. ತಾನು ಅದನ್ನು ದಾಟಿ ಬಂದದ್ದು ಅವರಿಗೂ ಆಗಲೇ ತಿಳಿದದ್ದು. ಇಬ್ಬರೂ ಬಹಳ ಹೊತ್ತು ನಕ್ಕರಂತೆ. ಈ ಮನೆ ತನ್ನದಾದದ್ದು ಆ ದಿನ ಎಂದು ವೈನಿ ಈಗಲೂ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೇನೆ.

ಇಂಥ ಕಲ್ಲನ್ನು ಸರಿ ಮಾಡಿಸಲು ಯಾರಿಗೂ ಮನಸ್ಸಿರಲಿಲ್ಲ. ಆದರೆ ಅವ್ವನಿಗೆ ಮೊಣಕಾಲು ನೋವು ಶುರುವಾಗಿ, ಹೆಜ್ಜೆ ಉದ್ದ ಹಾಕುವುದು ಕಷ್ಟವಾಯಿತು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅಲ್ಲೇ ಎಡವಿ ಗೋಡೆ ಹಿಡಿದು ನಿಂತಳು. ಬಿದ್ದಿರಲಿಲ್ಲ. ಆದರೂ ಅಪ್ಪ ಅವತ್ತೇ ಹೈದರಾಬಾದಿಗೆ ಫೋನ್ ಮಾಡಿ, "ಯುಗಾದಿಗಿ ಎಲ್ಲರೂ ಬರ್ರಿ, ಫರ್ಸಿ ಎಬ್ಬಸೋದದ" ಎಂದು ಅಣ್ಣನಿಗೆ ಹೇಳಿಬಿಟ್ಟರು. ಹಬ್ಬಕ್ಕೆ ಬನ್ನಿ ಎಂದು ಬಾಯಿಬಿಟ್ಟು ಕರೆಯುವುದು ಅವರ ರೂಢಿಯಲ್ಲೇ ಇಲ್ಲ. ಒಂದು ಕೆಲಸದ ಹೆಸರು ಹೇಳುತ್ತಾರೆ, ಅಷ್ಟೇ. ಮಾಳಿಗಿಗೆ ಸುಣ್ಣ, ಕೂಲರಿನ ಹುಲ್ಲು, ತೊಗರಿ ಒಡಿಸುವುದು, ಹೀಗೆ. ಅದನ್ನು ಕೇಳಿದ ಕೂಡಲೇ ಅಣ್ಣ ರಜೆಗೆ ಬರೆಯುತ್ತಾನೆ.

2025ರ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ ಬಂತು. ಶನಿವಾರ ಅಮಾಸಿ. ಭಾನುವಾರ ಸಂಜೆ ಚಂದ್ರ ಕಂಡರೆ ಸೋಮವಾರ ರಮಜಾನ್ ಈದ್. ಮೂರು ದಿನಕ್ಕೆ ಇಷ್ಟೂ ಕೂಡಿಬಂದದ್ದರಿಂದ ನಮ್ಮ ಓಣಿಯಲ್ಲಿ ಆ ವಾರ ಯಾರ ಮನೆಯಲ್ಲೂ ಕಸಬರಿಗೆ ಕೆಳಗಿಟ್ಟವರಿಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿ ಇರುವುದು ಖಾಲಾ ಅವರ ಮನೆ. ಅಲ್ಲಿ ರಾತ್ರಿ ಇಫ್ತಾರ್ ಮುಗಿದ ಮೇಲೆ ಪಾತ್ರೆ ತಿಕ್ಕುವ ಸಪ್ಪಳ, ನಮ್ಮಲ್ಲಿ ಅಟ್ಟದಿಂದ ಹಿತ್ತಾಳಿ ಪರಾತ ಇಳಿಸುವ ಸಪ್ಪಳ.

ಅಮಾಸಿಯ ದಿನ ನೆಲ ಎಬ್ಬಿಸುವುದಕ್ಕೆ ಅವ್ವ ಒಪ್ಪಲಿಲ್ಲ. ಪಾಡ್ಯದ ದಿನ ಹಬ್ಬ, ಆಗ ಮಣ್ಣು ಮುಟ್ಟುವ ಹಾಗಿಲ್ಲ. ಸೋಮವಾರ ರಾತ್ರಿ ಅಣ್ಣ ಹೊರಡಬೇಕು. ಕಡೆಗೆ ದಾರಿ ಹುಡುಕಿದವಳೂ ಅವ್ವನೇ: "ಶುಕ್ರವಾರ ಸಂಜಿಕೇ ಹಾರಿ ತಾಗಸ್ರಿ. ಕೆಲಸ ಶುರು ಆದಂಗಾತು. ಶುರು ಆಗಿದ್ದು ಅಮಾಸಿಗಿ ನಿಲ್ಲಸಬಾರದು." ಅಪ್ಪ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಹಾರಿಯ ಮೊನೆಯನ್ನು ಫರ್ಸಿಯ ಸಂದಿಗೆ ತಾಗಿಸಿ, ಅರಿಶಿನ ಕುಂಕುಮ ಹಚ್ಚಿದರು.

ಅಣ್ಣ, ವೈನಿ, ಮಕ್ಕಳು ಶನಿವಾರ ನಸುಕಿನಲ್ಲಿ ರೈಲಿಂದ ಇಳಿದರು. ಸಿಕಂದರಾಬಾದಿನಿಂದ ವಾಡಿಗೆ ಬರುವ ಈ ಹಳಿಯನ್ನು ಹಾಕಿದ್ದು 1874ರಲ್ಲಿ, ನಿಜಾಮರ ರಾಜ್ಯವನ್ನು ಮುಂಬೈ–ಮದ್ರಾಸ್ ದಾರಿಗೆ ಕೂಡಿಸಲು. ತಾಂಡೂರು ದಾಟಿದ ಮೇಲೆ ಸೇಡಂ, ಮಳಖೇಡ ರೋಡ್, ಚಿತ್ತಾಪುರ, ಕೊನೆಗೆ ವಾಡಿ ಜಂಕ್ಷನ್. ಈ ದಾರಿಯ ಎರಡೂ ಬದಿಗೆ ಕಲ್ಲೇ ಕಲ್ಲು. ತಾಂಡೂರಿನ ಕಡೆ ಹಳದಿ ಮತ್ತು ನೀಲಿ ಹಾಸು, ಇತ್ತ ಬಂದಂತೆ ಬೂದು ಬಣ್ಣದ್ದು. ಗಣಿಯ ಅಂಚಿಗೆ ನಿಲ್ಲಿಸಿಟ್ಟ ಫರ್ಸಿಗಳ ಸಾಲು, ಅವುಗಳ ಹಿಂದೆ ಸಿಮೆಂಟ್ ಕಾರ್ಖಾನೆಗಳ ಚಿಮಣಿ. ಹಿಂದೆಲ್ಲ ಊರು ಬಂತೆಂದು ಅಣ್ಣನಿಗೆ ತಿಳಿಯುತ್ತಿದ್ದುದು ಈ ಚಿಮಣಿಯ ದೀಪಗಳಿಂದಲೇ. ಅಪ್ಪ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ಹುಬ್ಬು, ಕಿವಿಯ ಅಂಚು ಬೂದು ಬಣ್ಣಕ್ಕಿರುತ್ತಿದ್ದವು. ಬಾವಿಕಟ್ಟೆಯಲ್ಲಿ ಮುಖ ತೊಳೆದ ಮೇಲೆಯೇ ನಮ್ಮನ್ನು ಎತ್ತಿಕೊಳ್ಳುತ್ತಿದ್ದರು.

ಅಕ್ಕ ಚಿಂಚೋಳಿಯಿಂದ ಬಸ್ಸಿನಲ್ಲಿ ಬಂದಳು. ಅವಳ ಕೈಯಲ್ಲಿ ಮುತ್ತಲ ಎಲಿಯ ಪತ್ರಾವಳಿಯ ಕಟ್ಟು, ಮಗನ ಕೈಯಲ್ಲಿ ಅದೇ ಗಿಡದ ಹೂವಿನ ಒಂದು ಟೊಂಗೆ. ಕೊಂಚಾವರಂ ಕಾಡಿನಲ್ಲಿ ಈ ದಿನಗಳಲ್ಲಿ ಎಲೆ ಉದುರಿ ಬರೀ ಕೊಂಬೆ ನಿಂತಿರುತ್ತವೆ, ನಡುನಡುವೆ ಮುತ್ತಲ ಮಾತ್ರ ಕೆಂಪಗೆ ಉರಿಯುತ್ತಿರುತ್ತದೆ. 2011ರಲ್ಲಿ ಆ ಕಾಡು ವನ್ಯಜೀವಿ ಅಭಯಾರಣ್ಯವಾಯಿತು. ಕಲಬುರ್ಗಿ ಎಂದರೆ ಬಿಸಿಲು, ಕಲ್ಲು ಎಂದಷ್ಟೇ ತಿಳಿದವರನ್ನು ನಾನು ಚಂದ್ರಂಪಳ್ಳಿ ಕೆರೆಯ ದಂಡೆಗೆ ಕರೆದೊಯ್ದು ನಿಲ್ಲಿಸಿದ್ದುಂಟು. ಅವರು ಮಾತಿಲ್ಲದೆ ನಿಂತದ್ದನ್ನು ನೋಡಿ ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಳಲಾರೆ.

ಶಹಾಬಾದಿನಿಂದ ಸೋದರಮಾವ ಬಂದದ್ದು ಟಂಟಂನಲ್ಲಿ, ಹಿಂದೆ ಹೊಸ ಫರ್ಸಿ ಮಲಗಿಸಿಕೊಂಡು. ಹಳೆಯದು ಎಬ್ಬಿಸುವಾಗ ಒಡೆದರೆ ಇರಲಿ ಎಂದು ತಂದದ್ದು. ಆ ಊರಿನಲ್ಲಿ ಹುಟ್ಟಿದವರಿಗೆ ಕಲ್ಲನ್ನು ಕಿವಿಯಿಂದ ನೋಡುವುದು ಗೊತ್ತು. ಮಾವ ಫರ್ಸಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಬೆರಳಗಂಟಿನಿಂದ ಬಡಿಯುತ್ತಾರೆ. ಸೀಳಿಲ್ಲದ್ದು "ಟಣ್" ಎಂದು ಉಳಿಯುತ್ತದೆ, ಒಳಗೆ ಬಿರುಕು ಬಿಟ್ಟಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ನನಗೂ ಬಡಿದು ತೋರಿಸಿದರು. ಕಲ್ಲಿನ ಅಂಗಡಿಗಳ ಮುಂದೆ ಹಾದುಹೋದಾಗಲೆಲ್ಲ ಕೊಯ್ಯುವ ಮಷೀನಿನ ಕಿರುಚಾಟ, ಅದರ ಕೆಳಗೆ ಹಾಲಿನಷ್ಟು ಬೆಳ್ಳಗೆ ಹರಿಯುವ ನೀರು ಇವನ್ನಷ್ಟೇ ನೋಡಿದ್ದ ನನಗೆ ಆ "ಟಣ್" ಹೊಸದು.

ಈ ಫರ್ಸಿ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ನಮ್ಮ ಬಯಲುಸೀಮೆ ಸಮುದ್ರವಾಗಿದ್ದ ಕಾಲದಲ್ಲಿ, ಭೂಮಿಯ ಮೇಲೆ ಮೀನು ಇನ್ನೂ ಹುಟ್ಟದಿದ್ದಾಗ, ತಳದಲ್ಲಿ ಪದರು ಪದರಾಗಿ ಕೂತ ಕೆಸರು ಗಟ್ಟಿಯಾಗಿ ಹೀಗಾಯಿತು. ಪದರು ಇರುವುದರಿಂದಲೇ ಹಾರಿ, ಉಳಿ ಹಾಕಿದರೆ ಅದು ಹಾಸಾಗಿ ಏಳುತ್ತದೆ. ರೈಲು ಬಂದ ಮೇಲೆ ಈ ಹಾಸುಗಳು ಮುಂಬೈ, ಪುಣೆಗೆ ಹೋಗಿ ಅಲ್ಲಿನ ವಾಡೆಗಳ ಅಂಗಳ, ಅಡಿಗೆಕಟ್ಟೆ, ರೈಲು ಫಲಾಟುಗಳಾದವು. ಅಲ್ಲಿಯವರು ಇಂದಿಗೂ ಶಹಾಬಾದಿ ಎಂದೇ ಕೇಳಿ ಕೊಳ್ಳುತ್ತಾರೆ. ಅಮೋಘವರ್ಷನು ಆಳಿದ ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಗೋಡೆಯ ಹತ್ತಿರ ಹೋಗಿ ನಿಂತರೂ ಇದೇ ಬೂದು ಪದರುಗಳು ಕಾಣುತ್ತವೆ.

ಹಳೆ ಫರ್ಸಿಯ ಸುತ್ತ ನಾವೆಲ್ಲ ಕೂಡಿದಾಗ ಅಣ್ಣನ ಮಗಳು, "ಕಾಕಾ, ಕೆಳಗ ಏನ್ ಇರ್ತದ?" ಎಂದು ಕೇಳಿದಳು. ನಾನು ಸನ್ನತಿಯ ಕಥೆ ಹೇಳಿದೆ. ಚಿತ್ತಾಪುರದ ನೆಲಕ್ಕೆ ಸೇರಿದ ಮಗುವಿಗೆ ಹೇಳಲು ಅದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದೊಳಗೆ ಕಾಳಿಕಾದೇವಿಯ ಗುಡಿಯಿತ್ತು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ಮೂರ್ತಿಯೂ ಹಾಳಾಯಿತು. ಎಲ್ಲ ಸರಿಸಿ ನೋಡಿದರೆ, ಮೂರ್ತಿಯನ್ನು ನಿಲ್ಲಿಸಲು ಪೀಠವಾಗಿ ಹಾಕಿದ್ದ ಕಲ್ಲಿನ ಮೇಲೆ ಅಕ್ಷರಗಳು! ಅಶೋಕನ ಶಾಸನ. ಪೀಠದ ಗೂಟಕ್ಕಾಗಿ ಯಾರೋ ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಗಿತ್ತು. ಉಳಿದದ್ದು ಎರಡು ಸಾವಿರ ವರ್ಷ ದಾಟಿ ಉಳಿದಿತ್ತು. ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪದ ಅವಶೇಷ ಸಿಕ್ಕಿತು. ಅದರ ಸುಣ್ಣದಕಲ್ಲಿನ ಫಲಕವೊಂದರಲ್ಲಿ ರಾಜನೊಬ್ಬ ರಾಣಿ, ಪರಿಚಾರಕಿಯರೊಂದಿಗೆ ನಿಂತಿದ್ದಾನೆ, ಮೇಲೆ ಬ್ರಾಹ್ಮಿಯಲ್ಲಿ ಅಶೋಕನೆಂದು ಹೆಸರು ಕೊರೆದಿದೆ. ಹುಡುಗಿ ಕಣ್ಣಗಲಿಸಿ ಕೇಳಿದಳು. ಕಥೆ ಮುಗಿಯುವಷ್ಟರಲ್ಲಿ ಮಕ್ಕಳೆಲ್ಲ ಫರ್ಸಿಯ ಅಂಚಿಗೆ ಬಂದು ಬೋರಲು ಮಲಗಿದ್ದರು.

ಅಪ್ಪ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಅಣ್ಣ ಮತ್ತು ಮಾವ ಮಾಡುತ್ತಿದ್ದರು. ಮೊದಲು ಸಂದಿನ ಹಳೆ ಗಾರೆಯನ್ನು ಚಾಣದಿಂದ ಕೆರೆದು ತೆಗೆದರು. ಹಾರಿಯನ್ನು ಅವಸರದಿಂದ ಒತ್ತಿದರೆ ಮೂಲೆ ಮುರಿಯುತ್ತದೆ; ಆದ್ದರಿಂದ ಸ್ವಲ್ಪ ಎತ್ತುವುದು, ಕೆಳಗೊಂದು ಕಟ್ಟಿಗೆ ಚಕ್ಕೆ ತುರುಕುವುದು, ಮತ್ತೆ ಸ್ವಲ್ಪ ಎತ್ತುವುದು. "ಅವಸರ ಮಾಡಬ್ಯಾಡ್ರೋ, ಅದೂ ಮುದುಕ್ ಆಗ್ಯದ" ಎಂದರು ಅಪ್ಪ. ನಾಲ್ಕು ಕೈ ಸೇರಿ ಎತ್ತಿ ಗೋಡೆಗೆ ನಿಲ್ಲಿಸಿದಾಗ ಅದರ ತಳಭಾಗ ಮೊದಲ ಸಲ ಬೆಳಕಿಗೆ ಬಂತು. ಮೇಲ್ಭಾಗವನ್ನು ಇಷ್ಟು ವರ್ಷದ ಕಾಲು, ಚಾಪೆ, ಒದ್ದೆ ಬಟ್ಟೆ ಉಜ್ಜಿ ನುಣುಪು ಮಾಡಿದ್ದವು. ತಳ ಮಾತ್ರ ಗಣಿಯಿಂದ ಎದ್ದ ದಿನದಷ್ಟೇ ಒರಟು. ಉಳಿ ಬಿದ್ದ ಗುರುತು, ಸಣ್ಣ ಸಣ್ಣ ಏರಿಳಿತ. ಅಕ್ಕನ ಮಗ ನೀರು ಚಿಮುಕಿಸಿದ. ಒಣಗಿದ ಬೂದಿಯ ಬಣ್ಣ ಹೋಗಿ ಕಡುನೀಲಿ ಎದ್ದು ಬಂತು, ಒಳಗೆ ಕೂದಲೆಳೆಯಷ್ಟು ತೆಳ್ಳನೆಯ ಅಲೆಅಲೆ ಗೆರೆಗಳು ಕಂಡವು. ಅವ್ವ ಬಗ್ಗಿ ಸೆರಗಿನ ತುದಿಯಿಂದ ಒರೆಸಿ ನೋಡಿದಳು. ಎಷ್ಟೋ ವರ್ಷ ಆ ಕಲ್ಲನ್ನು ದಿನಾಲೂ ಒರೆಸಿದವಳು ಅವಳು. "ಇಂಥಾ ಚಂದ ಕೆಳಗ ಇಟ್ಟಾರಲ್ಲ" ಅಂದಳು.

ಕೆಳಗೆ ಶಾಸನವಿರಲಿಲ್ಲ. ಹೆಗ್ಗಣದ ಬಿಲವಿತ್ತು. ಫರ್ಸಿಯ ಕೆಳಗೆ ಹಾಸಿದ್ದ ಮರಳನ್ನೆಲ್ಲ ಅದು ಒಂದು ಮೂಲೆಗೆ ತೋಡಿ ಎಸೆದಿತ್ತು, ಫರ್ಸಿ ಅಲುಗಾಡಿದ್ದು ಅದಕ್ಕೇ. ಬಿಲದ ಬಾಯಲ್ಲಿ ಸೇಂಗಾ ಸಿಪ್ಪೆ, ಹಿಡಿಯಷ್ಟು ತೊಗರಿ ಕಾಳು, ಕೆಂಪು ಬಳೆಯ ಒಂದು ಚೂರು, ರಬ್ಬರ್ ಚಪ್ಪಲಿಯ ಪಟ್ಟಿ. ಬಳೆ ಯಾರದೆಂಬ ಚರ್ಚೆ ಬಹಳ ನಡೆಯಿತು. ಅಕ್ಕ ತನ್ನದು ಎಂದಳು, ವೈನಿ ತನ್ನದೆಂದರು. ಮಕ್ಕಳು ಅದನ್ನು ಬೆಂಕಿಪೊಟ್ಟಣದೊಳಗೆ ಹತ್ತಿ ಹಾಸಿ ಇಟ್ಟುಕೊಂಡರು. ಮಾವ ಬಿಲಕ್ಕೆ ಗಾಜಿನ ಚೂರು ಬೆರೆಸಿದ ಗರಸು ತುಂಬಿ, ನೀರು ಬಿಟ್ಟು, ದಿಮ್ಮಿಸಿದರು. ಮೇಲೆ ಮರಳು, ಅದರ ಮೇಲೆ ತೆಳ್ಳಗೆ ಸಿಮೆಂಟು. ದಾರ ಕಟ್ಟಿ ಮಟ್ಟ ನೋಡಿದರು. ಆಮೇಲೆ ಎದ್ದದ್ದೇ ಪ್ರಶ್ನೆ, ಯಾವ ಫರ್ಸಿ ಹಾಕುವುದು ಎಂದು. ಹಳೆಯದು ಒಡೆದಿರಲಿಲ್ಲ. ಹೊಸದನ್ನು ಮಾವ ಅಷ್ಟು ದೂರದಿಂದ ತಂದಿದ್ದರು.

"ಹಳೀದೇ ಹಾಕ್ರಿ" ಎಂದರು ಮಾವನೇ. "ಹೊಸಾದು ಬಚ್ಚಲಕ್ಕ ಆಗ್ತದ." ಹಳೆಯದನ್ನೇ ಇಳಿಸಿದೆವು. ಅಣ್ಣ ಹೊಟ್ಟೆಯ ಮೇಲೆ ಮಲಗಿ ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಪಕ್ಕದ ಫರ್ಸಿಯೊಂದಿಗೆ ಅಂಚು ಕೂಡಿದೆಯೇ ಎಂದು ನೋಡಿದ. ಅಪ್ಪನೂ ಕುರ್ಚಿಯಿಂದ ಇಳಿದು ಹಾಗೇ ಮಾಡಿದರು. ತಂದೆ ಮಗ ಇಬ್ಬರೂ ಎದುರುಬದುರು ನೆಲಕ್ಕೆ ಕೆನ್ನೆ ಕೊಟ್ಟು, ಕೂದಲಷ್ಟು ಎತ್ತರವಿದೆಯೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ವಾದ ಮಾಡುವುದನ್ನು ಹೆಂಗಸರೆಲ್ಲ ಅಡಿಗಿಮನೆ ಬಾಗಿಲಲ್ಲಿ ನಿಂತು ನೋಡಿದರು. ಅವರಿಬ್ಬರೂ ಫೋನಿನಲ್ಲಿ ಆಡುವ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಮಾತ್ರ ಗಂಟೆ ಕಳೆದರೂ ಮುಗಿಯಲೊಲ್ಲದು.

ಸುಣ್ಣದ ಕೆಲಸ ನನ್ನ ಮತ್ತು ನನ್ನ ಹೆಂಡತಿಯ ಪಾಲಿನದು. ಸುಟ್ಟ ಸುಣ್ಣದ ಕಲ್ಲನ್ನು ಶುಕ್ರವಾರ ರಾತ್ರಿಯೇ ಡ್ರಮ್ಮಿಗೆ ಹಾಕಿ ನೀರು ಹೊಯ್ದಿದ್ದೆವು. ಮಕ್ಕಳನ್ನು ದೂರ ನಿಲ್ಲಿಸಿ ಮಾಡುವ ಕೆಲಸ ಅದು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಕಲ್ಲು ಮೈ ಬಿರಿದು ಸೀಟಿ ಹಾಕುತ್ತದೆ, ಅದರ ಹಿಂದೆ ಎಲ್ಲವೂ ಬಿರಿಯುತ್ತವೆ, ಬೆಂಕಿಯಿಲ್ಲದೆ ಡ್ರಮ್ಮು ಕೊತಕೊತ ಕುದಿಯುತ್ತದೆ. ಭಟ್ಟಿಯಲ್ಲಿ ಸುಟ್ಟು ಕಲ್ಲಿನೊಳಗಿನ ಇಂಗಾಲಾಮ್ಲವನ್ನು ಹೊರಹಾಕಿರುತ್ತಾರೆ. ನೀರು ಬಿದ್ದಾಗ ಸುಟ್ಟ ಕಲ್ಲು ಅದರೊಂದಿಗೆ ಕೂಡಿ ಬಿಸಿ ಬಿಡುತ್ತದೆ. ಗೋಡೆಗೆ ಹಚ್ಚಿದ ಮೇಲೆ ಸುಣ್ಣ ನಮ್ಮ ಸುತ್ತಲಿನ ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಎಳೆದುಕೊಂಡು, ದಿನ ಕಳೆದಂತೆ ಮತ್ತೆ ಕಲ್ಲಾಗುತ್ತದೆ. ಸುಣ್ಣದ ಗೋಡೆ ವರ್ಷ ಹೋದಂತೆ ಗಟ್ಟಿಯಾಗುವುದು ಹೀಗೆ. ಶಾಲೆಯಲ್ಲಿ ಇದನ್ನು ಓದಿ ಅಂಕ ತಗೊಂಡಿದ್ದೆ. ಕೈಗೆ ಗೋಣಿಚೀಲ ಸುತ್ತಿಕೊಂಡು ಗೋಡೆಯ ಮುಂದೆ ನಿಂತಾಗ ಅದರ ಬೆರಗು ಬೇರೆ. ಕಾಲ ಕೆಳಗೆ ಫರ್ಸಿಯಾಗಿ ಇರುವುದೂ ಆ ಕಲ್ಲೇ, ಗೋಡೆಗೆ ಸುಣ್ಣವಾಗಿ ಏರಿದ್ದೂ ಅದೇ. ಅದನ್ನು ಜೇಡಿಮಣ್ಣಿನ ಜೊತೆ ಇನ್ನೂ ಹೆಚ್ಚಿನ ಬೆಂಕಿಯಲ್ಲಿ, ಸುಮಾರು 1450 ಡಿಗ್ರಿಯಲ್ಲಿ ಸುಟ್ಟರೆ ಅಪ್ಪನ ಹುಬ್ಬಿನ ಮೇಲೆ ಕೂತಿರುತ್ತಿದ್ದ ಸಿಮೆಂಟು. ನಮ್ಮ ಅನ್ನವೂ ಅದರಿಂದಲೇ ಬಂದದ್ದು. ಕಲಬುರ್ಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಬ್ಯಾಳಿಯ ರುಚಿಗೆ ಈ ಕಪ್ಪು ಮಣ್ಣಿನಲ್ಲಿ ಬೆರೆತ ಸುಣ್ಣದ ಅಂಶವೇ ಕಾರಣ ಎಂದು ನಮ್ಮ ಕಡೆಯ ರೈತರು ಹೇಳುತ್ತಾರೆ.

ಶನಿವಾರ ಸುಣ್ಣವನ್ನು ಹಳೆಯ ಧೋತರದಲ್ಲಿ ಸೋಸಿ, ನೀಲಿ ಬೆರೆಸಿ, ಹಿಂದಿನ ಎರಡು ಕೋಣೆಗೆ ಹಚ್ಚಿದೆವು. ಹಚ್ಚುವಾಗ ಗೋಡೆ ಕಪ್ಪಗೆ ಒದ್ದೆಯಾಗಿ ಕಾಣುತ್ತದೆ, ಏನೂ ಹತ್ತಿಲ್ಲ ಅನಿಸುತ್ತದೆ. ಒಣಗುತ್ತ ಒಣಗುತ್ತ ಬೆಳಕು ಮೂಡುತ್ತದೆ. ಪೇಂಟಿನ ಗೋಡೆಗೆ ಇರದ ಒಂದು ತಂಪು ವಾಸನೆ ಅದಕ್ಕಿದೆ. ಹಬ್ಬ ಎಂದರೆ ನನಗೆ ಮೊದಲು ನೆನಪಾಗುವುದು ಆ ವಾಸನೆ, ಹೋಳಿಗಿಯ ವಾಸನೆ ಆಮೇಲೆ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗಿಗೂ ಒಂದು ಪದರು ಬಳಿದೆವು. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಬಿಳಿ ಮಾಳಿಗಿಯ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನ ಮಲಗಿದವರಿಗೆ ಅದರ ಬೆಲೆ ಗೊತ್ತು.

ಕೂಲರ್ ಅಕ್ಕನ ಮಗನ ಪಾಲಿಗೆ ಬಂತು. ಹೋದ ಬೇಸಿಗೆಯ ಹುಲ್ಲು ಕಿತ್ತಾಗ ಅದು ಬೆಳ್ಳಗೆ ಕಟ್ಟಿಗೆಯಷ್ಟು ಗಟ್ಟಿಯಾಗಿತ್ತು. ನಮ್ಮ ಬೋರಿನ ನೀರು ಸುಣ್ಣದ ಕಲ್ಲಿನ ಸಂದುಗಳಲ್ಲಿ ಹಾದು ಬರುವಂಥದು, ಆರಿದಲ್ಲೆಲ್ಲ ಸುಣ್ಣ ಬಿಡುತ್ತದೆ. ನಲ್ಲಿಯ ಬಾಯಿ, ಚಹಾದ ಪಾತ್ರೆಯ ತಳ, ಕೂಲರಿನ ಪಂಪು ಎಲ್ಲಕ್ಕೂ ಅದೇ ಲೇಪ. ಹುಡುಗ ಹುಣಸಿಹಣ್ಣಿನ ನೀರಲ್ಲಿ ಪಂಪನ್ನು ನೆನೆಹಾಕಿ, ಗುಳ್ಳೆ ಏಳುವುದನ್ನು ನೋಡುತ್ತ ಕೂತ. ಹೊಸ ಹುಲ್ಲು ತುಂಬಿ, ಜಾಳಿಗೆ ಕಟ್ಟಿ, ಗುಂಡಿ ಒತ್ತಿದಾಗ ಒದ್ದೆ ಹುಲ್ಲಿನ ಗಾಳಿ ಪಡಸಾಲಿ ತುಂಬಿತು. ಎಲ್ಲರೂ ಅದರ ಮುಂದೆ ಬಂದು ಕೂತರು.

ಹೊಸದಾಗಿ ಕೂರಿಸಿದ ಫರ್ಸಿಯನ್ನು ಒಂದು ದಿನ ತುಳಿಯಬಾರದೆಂದು ಅಪ್ಪನ ಕಟ್ಟಪ್ಪಣೆ. ಇಷ್ಟು ಮಂದಿ ಓಡಾಡುವ ಮನೆಯಲ್ಲಿ ಅದು ಆಗುವ ಮಾತೇ? ಭಾನುವಾರ ನಸುಕಿನಲ್ಲಿ ಎಣ್ಣಿ ನೀರು ಹಾಕಿಕೊಂಡು ಬಂದ ಅವ್ವ ಆ ಕಲ್ಲಿನ ಮೇಲೆ ಅಂಚಿನಿಂದ ಅಂಚಿಗೆ ರಂಗೋಲಿ ಬಿಡಿಸಿಬಿಟ್ಟಳು. ಅಂಗಳದ ರಂಗೋಲಿಗಿಂತ ದೊಡ್ಡದು. ಹಬ್ಬದ ದಿನ ರಂಗೋಲಿ ತುಳಿಯುವವರು ಯಾರು! ಮಕ್ಕಳು ಕೂಡ ಹಾರಿ ಹಾರಿ ಹೋದರು. ಮಾವಿನ ತೋರಣ ಕಟ್ಟಿ, ಹೊಸ ಗಡಗಿಗೆ ಅರಿಶಿನ ದಾರ ಸುತ್ತಿ, ಅದರಲ್ಲಿ ಬೇವು ಮಾಡಿದರು. ನಮ್ಮ ಕಡೆ ಬೇವು ಕುಡಿಯುವಂಥದು: ಹುಣಸಿ ನೀರು, ಬೆಲ್ಲ, ತುರಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಕೊಬ್ಬರಿ, ಹಣ್ಣಿನ ಹೋಳು, ಮೇಲೆ ಬೇವಿನ ಹೂ. ಗಡಗಿಯ ಮಣ್ಣಿನ ವಾಸನೆಯೂ ಸೇರಿ ಅದಕ್ಕೆ ಬರುವ ರುಚಿ ಸ್ಟೀಲ್ ಪಾತ್ರೆಯಲ್ಲಿ ಬರುವುದಿಲ್ಲ. ಕುಡಿದು ಒಬ್ಬರಿಗೊಬ್ಬರು ಕೈ ಮುಗಿದೆವು, ಹಿರಿಯರ ಕಾಲಿಗೆ ಬಿದ್ದೆವು. ಅಪ್ಪ ಪಂಚಾಂಗ ತೆಗೆದು ವಿಶ್ವಾವಸು ಸಂವತ್ಸರದ ಮಳೆ ಬೆಳೆ ಓದಿದರು. ಬೇವು ಬಡಿಸುವಾಗ ಚೆಲ್ಲಿದ ಹನಿಯನ್ನು ಅವ್ವ ಕೂಡಲೇ ಒರೆಸಿಸಿದಳು. ಹುಳಿ ಬಿದ್ದು ಹಾಗೇ ಉಳಿದರೆ ಫರ್ಸಿಯ ಹೊಳಪು ತಿಂದು ಬಿಳಿ ಚುಕ್ಕೆ ಬಿಡುತ್ತದೆ. ನಮ್ಮ ಪಡಸಾಲಿಯಲ್ಲಿ ಅಂಥ ಚುಕ್ಕೆಗಳಿವೆ. ಕಂಬದ ಹತ್ತಿರದ್ದು ಅಕ್ಕನ ಮದುವೆಯ ವರ್ಷದ ಉಪ್ಪಿನಕಾಯಿಯದು, ಕಿಟಕಿ ಕೆಳಗಿನದು ಅಜ್ಜಿ ನಿಂಬಿಹಣ್ಣು ಹೆಚ್ಚಿದ ಜಾಗ. ಅಜ್ಜಿ ಹೋದ ಮೇಲೂ ಅಲ್ಲಿ ಪಾಲಿಶ್ ಮಾಡಿಸಲು ಅಪ್ಪ ಬಿಟ್ಟಿಲ್ಲ.

ಮುತ್ತಲ ಎಲಿಯ ಮೇಲೆ ಹೋಳಿಗಿ, ತುಪ್ಪ, ಕಟ್ಟಿನ ಸಾರು ಉಂಡು ಒಂದಿಷ್ಟು ಮಲಗಿ ಎದ್ದ ಮೇಲೆ, ಊರಿಗೆ ಹತ್ತಿಕೊಂಡೇ ಇರುವ ನಾಗಾವಿಗೆ ಹೋದೆವು. ಎಲ್ಲಮ್ಮನಿಗೆ ಕಾಯಿ ಒಡೆಸಿ, ಅರವತ್ತು ಕಂಬದ ಗುಡಿಗೆ ಬಂದೆವು. ಸಾವಿರ ವರ್ಷದ ಹಿಂದೆ ಇಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನ ಅದರ ಲೆಕ್ಕವನ್ನೆಲ್ಲ ಹೇಳುತ್ತದೆ: ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಬೇರೆ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ಹುಡುಗಿ ಕಂಬಗಳನ್ನು ಎಣಿಸುತ್ತ ಓಡಿದಳು, ಹೊಸ ಲಂಗದ ಅಂಚು ಧೂಳಾಯಿತು. ವೈನಿ ಗದರಲಿಲ್ಲ. ನಮ್ಮ ಊರಿನಲ್ಲಿ ಇಷ್ಟು ದೊಡ್ಡದೊಂದು ಇದೆಯೆಂದು ಹೈದರಾಬಾದಿನ ಶಾಲೆಯ ಗೆಳತಿಯರಿಗೆ ತೋರಿಸಲು ಅವಳಿಗೆ ಫೋಟೋ ಬೇಕಿತ್ತು. ಅಣ್ಣ ಬೇಸರವಿಲ್ಲದೆ ಒಂದರ ಮೇಲೊಂದು ತೆಗೆದುಕೊಟ್ಟ.

ಮನೆಗೆ ಬರುವಷ್ಟರಲ್ಲಿ ಓಣಿಯ ಮಾಳಿಗಿಗಳ ಮೇಲೆಲ್ಲ ಜನ. ನಮ್ಮವರಿಗೆ ಯುಗಾದಿಯ ಚಂದ್ರನನ್ನು ನೋಡಬೇಕು, ಖಾಲಾ ಅವರ ಮನೆಯವರಿಗೆ ಈದಿನ ಚಂದ್ರನನ್ನು. ಇದ್ದದ್ದು ಒಂದೇ ಚಂದ್ರ. ಪಡುವಣದಲ್ಲಿ ಕೆಂಪು ಇನ್ನೂ ಆರಿರಲಿಲ್ಲ. ಯಾರಿಗೂ ಕಾಣಲೊಲ್ಲದು. ಕಡೆಗೆ ಖಾಲಾ ಅವರ ಮೊಮ್ಮಗ "ವೋ ದೇಖೋ, ಟಂಕಿ ಕೆ ಊಪರ್!" ಎಂದು ಕೂಗಿದ. ಎಲ್ಲರ ಕೈಯೂ ಆ ಕಡೆ ಎದ್ದವು. ಅವ್ವ ನಮಸ್ಕಾರ ಮಾಡಿದಳು. ಖಾಲಾ ಎರಡೂ ಕೈ ಒಡ್ಡಿ ದುವಾ ಕೇಳಿದರು. ಆಮೇಲೆ ಗಿಡ್ಡಗೋಡೆಯ ಮೇಲಿಂದ ಹೋಳಿಗಿಯ ಡಬ್ಬಿ ಆ ಕಡೆ ಹೋಯಿತು, ನಾಳಿಗೆ ಎಷ್ಟು ಹಾಲು ಬೇಕೆಂಬ ಲೆಕ್ಕ ಈ ಕಡೆ ಬಂತು. ಅವ್ವ, ಖಾಲಾ ಇಬ್ಬರೂ ಕೂಡಿ ನಮ್ಮ ಶಾವಿಗಿ ಮಣಿಯ ಮೇಲೆಯೇ ಶಾವಿಗಿ ಹೊಸೆದು, ಇದೇ ಮಾಳಿಗಿಯಲ್ಲಿ ಕೋಲಿನ ಮೇಲೆ ಒಣಗಿಸಿದ್ದರು. ಅರ್ಧ ಅವರ ಸುರಕುಂಬಾಕ್ಕೆ, ಅರ್ಧ ನಮ್ಮ ಬಸಿದ ಶಾವಿಗಿಗೆ.

ಸೋಮವಾರ ಈದ್ಗಾದಿಂದ ಬಂದ ಭಾಯಿ, ಖಾಲಾ ಅವರ ಹಿರಿಮಗ, ಹೊಸ ಬಿಳಿ ಅಂಗಿಯಲ್ಲೇ ನಮ್ಮ ಮನೆಗೆ ಸುರಕುಂಬಾ ತಂದರು. ಅಪ್ಪನನ್ನು ಅಪ್ಪಿಕೊಂಡರು, ಅಣ್ಣನನ್ನು ಅಪ್ಪಿಕೊಂಡರು. ಪಡಸಾಲಿಯಲ್ಲಿ ರಂಗೋಲಿ ಆಗಲೇ ಅಳಿಸಿತ್ತು. ಭಾಯಿ ಅಡಿಗಿಮನೆ ಬಾಗಿಲವರೆಗೆ ಬಂದು ಅವ್ವನಿಗೆ ಸಲಾಂ ಹೇಳಿ, ಕುರ್ಚಿ ಎಳೆದು ಕೂತರು. ಬಾದಾಮಿ, ಖಜೂರ ತೇಲುವ ಆ ಬಟ್ಟಲನ್ನು ಮಾವ ಎರಡು ಸಲ ಖಾಲಿ ಮಾಡಿದರು.

"ಸುಣ್ಣ ಉಳದದ ಏನ್ರಿ ಕಾಕಾ?" ಎಂದು ಭಾಯಿ ಅಪ್ಪನನ್ನು ಕೇಳಿದರು. "ನಮ್ಮ ಮಾಳಿಗಿ ಭಾಳ ಕಾಯ್ಲತ್ತದ. ನಾಳಿಗಿ ಹಚ್ಚಬೇಕಂತ ಮಾಡೀನಿ."

"ನಾಳಿಗಿ ಯಾಕ? ಇವತ್ತ ಹುಡುಗೂರು ಎಲ್ಲಾ ಇದ್ದಾರ" ಎಂದರು ಅಪ್ಪ. "ರಾತ್ರಿ ಇವ ಹೋಗ್ತಾನ, ಮತ್ತ ಡ್ರಮ್ ಎತ್ತೋರ್ ಯಾರು?"

"ಹಬ್ಬದ ಅರಬಿ ಹಾಕ್ಕೊಂಡಾರ, ಬಿಡ್ರಿ ಅವರನ್ನ" ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಅಷ್ಟರಲ್ಲಿ ಅಣ್ಣ ಹಗ್ಗ ಹುಡುಕಲು ಹೋಗಿಯಾಗಿತ್ತು. ಭಾಯಿ ಹೊಸ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು, ವೈನಿ ಅವರಿಗೆ ಅಪ್ಪನ ಹಳೆಯದೊಂದು ಅಂಗಿ ತಂದುಕೊಟ್ಟರು. ಮೊನ್ನೆ ಮುಚ್ಚಿಟ್ಟಿದ್ದ ಡ್ರಮ್ಮಿನ ಸುಣ್ಣ ತಳಕ್ಕೆ ಕೂತಿತ್ತು. ನಾನು ಕೋಲು ಹಾಕಿ ತಿರುವಿದೆ. ಮಾವ, ಅಣ್ಣ ಮೇಲಿನಿಂದ ಹಗ್ಗ ಹಿಡಿದರು, ಭಾಯಿ ಮತ್ತು ನಾನು ಕೆಳಗಿನಿಂದ ಎತ್ತಿ ಕೊಟ್ಟೆವು. ಸುಣ್ಣದ ಡ್ರಮ್ಮು ಗೋಡೆ ಸವರುತ್ತ ಏರಿತು. ಅಪ್ಪ ಅಂಗಳದಲ್ಲಿ ನಿಂತು, "ಎಡಕ್ಕ ಎಳೀರಿ... ಇನ್ನೂ ಎಡಕ್ಕ... ಚೆಲ್ಲಬ್ಯಾಡ್ರಿ" ಎಂದು ಎರಡೂ ಮನೆಗೆ ಕೇಳುವಂತೆ ಹೇಳುತ್ತಿದ್ದರು.